ಪಿ0135 ಬಂದಿದೆಯೇ? ಆಕ್ಸಿಜನ್ ಸೆನ್ಸರ್ ಕೊಳ್ಳುವ ಮುಂಚೆ ಮಲ್ಟಿಮೀಟರ್ ಹಿಡಿಯಿರಿ

ಪ್ರಶ್ನೆ: ನಮಸ್ಕಾರ್ರಿ. ನಂದು 2016ರ ಪೆಟ್ರೋಲ್ ಕಾರ್, ನಾಲ್ಕು ಸಿಲಿಂಡರ್, ಬಿಎಸ್4. 92 ಸಾವಿರ ಕಿ.ಮೀ. ಓಡೇತಿ. ಒಂದ್ ತಿಂಗಳಿಂದ ಎಂಜಿನ್ ಲೈಟ್ ಹತ್ತಿದ್ದು ಆರವಲ್ದು. ಮೊದಲ 18 ಕೊಡತಿದ್ದ ಮೈಲೇಜ್ ಈಗ 14ಕ್ಕ ಬಂದೈತಿ. ಹೆಚ್ಚಾಗಿ ಊರಾಗ ಸಾಲಿ, ಪ್ಯಾಟಿ ಅಂತ ಎರಡ್ಮೂರು ಕಿ.ಮೀ. ಓಡಾಟ. ಗ್ಯಾರೇಜಿನಾಗ ಸ್ಕ್ಯಾನರ್ ಹಚ್ಚಿದ್ರ ಪಿ0135 ಅಂತ ಬಂತು, ಬ್ಯಾರೆ ಕೋಡ್ ಇಲ್ಲ. ಎರಡೂ ಆಕ್ಸಿಜನ್ ಸೆನ್ಸರ್ ಬದಲಿ ಮಾಡಬೇಕು, ಹತ್ತು ಸಾವಿರದ ಮ್ಯಾಲೆ ಆಗ್ತೈತಿ ಅಂದ್ರು. ಗೆಳೆಯಾ ಒಬ್ಬಾಂವ ಪೆಟ್ರೋಲಿನಾಗ ತೊಳೆದ್ರ ಸಾಕು ಅಂತಾನ. ಇನ್ನೊಬ್ಬಾಂವ ಇ20 ಪೆಟ್ರೋಲಿನಿಂದನ ಸೆನ್ಸರ್ ಹೋಗೇತಿ ಅಂತಾನ. ಪ್ಲಗ್, ಏರ್ ಫಿಲ್ಟರ್ ನಾನ ಬದಲಿಸ್ತೀನಿ, ಪಾನಾ ಹಿಡದು ರೂಢಿ ಐತಿ. ಇದನ್ನೂ ಮನ್ಯಾಗ ಮಾಡಬಹುದೇನ್ರಿ?
ಓದುಗರು, ಜಮಖಂಡಿ, ಬಾಗಲಕೋಟೆ ಜಿಲ್ಲೆ

ಉತ್ತರ: ಮಾಡಬಹುದು. ಪ್ಲಗ್ ಬದಲಿಸಿ ರೂಢಿಯಿರುವ ಕೈಗೆ ಇದು ಮೀರಿದ ಕೆಲಸವಲ್ಲ. ಆದರೆ ಎರಡು ಸೆನ್ಸರ್ ಬೇಕಿಲ್ಲ. ಒಂದನ್ನು ಕೊಳ್ಳುವ ಮುಂಚೆಯೂ ಮಲ್ಟಿಮೀಟರ್ ಹಿಡಿದು ಹದಿನೈದು ನಿಮಿಷ ಪರೀಕ್ಷೆ ಮಾಡಲೇಬೇಕು. ಸೆನ್ಸರ್ ಚೆನ್ನಾಗಿದ್ದೂ ಇದೇ ಕೋಡ್ ಬರುವುದುಂಟು.

ಪಿ0135ರ ಅರ್ಥ ಇಷ್ಟು: ಒಂದನೇ ಬ್ಯಾಂಕಿನ ಒಂದನೇ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟಿನಲ್ಲಿ ದೋಷ. ನಾಲ್ಕು ಸಿಲಿಂಡರ್ ಒಂದೇ ಸಾಲಿನಲ್ಲಿರುವ ಎಂಜಿನ್ನಿಗೆ ಬ್ಯಾಂಕ್, ಅಂದರೆ ಸಿಲಿಂಡರ್ ಸಾಲು, ಒಂದೇ. ಒಂದನೇ ಸೆನ್ಸರ್ ಅಂದರೆ ಎಂಜಿನ್ನಿಗೂ ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರಿಗೂ ನಡುವೆ ಕೂತಿರುವುದು. ಎಷ್ಟು ಪೆಟ್ರೋಲ್ ಬಿಡಬೇಕು ಎಂಬ ಲೆಕ್ಕ ನಡೆಯುವುದು ಇದರ ಮಾತಿನ ಮೇಲೆ. ಎರಡನೆಯದು ಕನ್ವರ್ಟರ್ ದಾಟಿದ ಮೇಲೆ ಸೈಲೆನ್ಸರ್ ಪೈಪಿನಲ್ಲಿರುತ್ತದೆ. ಕನ್ವರ್ಟರ್ ತನ್ನ ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡುವುದೇ ಅದರ ಮುಖ್ಯ ಕೆಲಸ. ನಮ್ಮಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್4 ಕಾರುಗಳಿಗೆ ದೋಷ ಕಂಡುಹಿಡಿದು ಕೋಡ್ ಕೊಡುವ ಒಬಿಡಿ-2 ವ್ಯವಸ್ಥೆ ಕಡ್ಡಾಯವಾಗಿದ್ದರಿಂದ ನಿಮ್ಮ ಗಾಡಿಯಲ್ಲಿ ಎರಡೂ ಇವೆ. ಎರಡನೆಯದರ ಹೀಟರ್ ಕೆಟ್ಟಿದ್ದರೆ ಪಿ0141 ಬರುತ್ತಿತ್ತು. ಬಂದಿಲ್ಲವಾದ್ದರಿಂದ ಅದನ್ನು ಮುಟ್ಟಬೇಡಿ. ತುಕ್ಕು ಹಿಡಿದು ಕೂತ ಒಳ್ಳೆಯ ಸೆನ್ಸರ್ ಬಿಚ್ಚಲು ಹೋಗಿ ಥ್ರೆಡ್ ಹಾಳಾದರೆ ಇಲ್ಲದ ಕೆಲಸ ಹುಟ್ಟಿಕೊಳ್ಳುತ್ತದೆ.

ಇನ್ನೊಂದು ಮಾತು: ಕೋಡ್ ‘ಹೀಟರ್ ಸರ್ಕ್ಯೂಟ್’ ಎನ್ನುತ್ತದೆ, ‘ಹೀಟರ್’ ಎನ್ನುವುದಿಲ್ಲ. ಆ ಸರ್ಕ್ಯೂಟಿನಲ್ಲಿ ಫ್ಯೂಸ್ ಇದೆ, ರಿಲೇ ಇದೆ, ವೈರ್ ಇದೆ, ವೈರ್ ಜೋಡಿಸುವ ಕಪ್ಲರ್ ಇದೆ, ಕೊನೆಯಲ್ಲಿ ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು ಇದೆ. ಇವುಗಳಲ್ಲಿ ಯಾವುದು ಕಡಿದರೂ ಬರುವ ಕೋಡ್ ಇದೇ.

ಹೀಟರ್ ಯಾಕೆ ಬೇಕು ಅಂದರೆ, ಸೆನ್ಸರಿನ ಒಳಗಿರುವ ಜಿರ್ಕೋನಿಯಾ ಪಿಂಗಾಣಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಕೆಲಸಕ್ಕೆ ಬರುವುದಿಲ್ಲ. ಕಾದ ಮೇಲೆ ಹೊಗೆಯಲ್ಲಿ ಆಕ್ಸಿಜನ್ ಕಡಿಮೆಯಿದ್ದರೆ, ಅಂದರೆ ಪೆಟ್ರೋಲ್ ಹೆಚ್ಚಾಗಿದ್ದರೆ, ಸುಮಾರು 0.9 ವೋಲ್ಟ್ ಕೊಡುತ್ತದೆ. ಆಕ್ಸಿಜನ್ ಹೆಚ್ಚಿದ್ದರೆ 0.1ರ ಹತ್ತಿರ ಇಳಿಯುತ್ತದೆ. ಇದನ್ನು ನೋಡಿಕೊಂಡು ಇಸಿಯು ಕ್ಷಣಕ್ಷಣಕ್ಕೂ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತಿರುತ್ತದೆ. ಹೀಟರ್ ಇದ್ದರೆ ಗಾಡಿ ಚಾಲೂ ಆಗಿ ಒಂದು ನಿಮಿಷದೊಳಗೆ ಈ ವ್ಯವಹಾರ ಶುರುವಾಗುತ್ತದೆ. ಇಲ್ಲದಿದ್ದರೆ ಹೊಗೆಯ ಶಾಖದಿಂದಲೇ ಸೆನ್ಸರ್ ಕಾಯಬೇಕು. ಅಲ್ಲಿಯವರೆಗೆ ಇಸಿಯು ತನ್ನಲ್ಲಿ ಬರೆದಿಟ್ಟ ಲೆಕ್ಕದ ಮೇಲೆ ಪೆಟ್ರೋಲ್ ಬಿಡುತ್ತದೆ, ಆ ಲೆಕ್ಕ ಯಾವಾಗಲೂ ಸ್ವಲ್ಪ ಧಾರಾಳ. ನಿಮ್ಮ ಓಡಾಟ ಎರಡು ಮೂರು ಕಿಲೋಮೀಟರ್. ಸೆನ್ಸರ್ ಕಾಯುವಷ್ಟರಲ್ಲಿ ನೀವು ಸಾಲಿ ಮುಟ್ಟಿರುತ್ತೀರಿ. ಇದೇ ಗಾಡಿ ದಿನಾ ವಿಜಯಪುರಕ್ಕೆ ಹೋಗಿಬರುವಂತಿದ್ದರೆ ಮೈಲೇಜ್ ಇಷ್ಟು ಬಿದ್ದದ್ದು ಕಾಣುತ್ತಿರಲಿಲ್ಲ.

ಈಗ ಇ20ರ, ಅಂದರೆ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ವಿಷಯ. ಕಬ್ಬಿನ ಕಾರ್ಖಾನೆಗಳ ನಡುವೆ ಇರುವ ನಮಗೆ ಎಥನಾಲ್ ಹೊಸದಲ್ಲ, ಅದರ ಮೇಲೆ ಗೂಬೆ ಕೂರಿಸುವುದೂ ಹೊಸದಲ್ಲ. ಎಥನಾಲ್ ಸೆನ್ಸರಿನ ಹೀಟರನ್ನು ಸುಡುವುದಿಲ್ಲ. ಅದು ಮಾಡುವುದು ಬೇರೆ. ಬರಿ ಪೆಟ್ರೋಲ್ 1 ಕಿಲೋ ಉರಿಯಲು 14.7 ಕಿಲೋ ಗಾಳಿ ಬೇಕಾದರೆ ಇ10ಗೆ ಸುಮಾರು 14.1, ಇ20ಗೆ ಸುಮಾರು 13.5 ಸಾಕು. ಅಷ್ಟೇ ಗಾಳಿಗೆ ಇ10ಗಿಂತ ನಾಲ್ಕು ಶೇಕಡಾದಷ್ಟು ಹೆಚ್ಚು ಇಂಧನ ಬಿಡಬೇಕಾಗುತ್ತದೆ. ಇದನ್ನು ಇಸಿಯುಗೆ ತಿಳಿಸುವುದೇ ಈ ಒಂದನೇ ಸೆನ್ಸರ್. ಮೈಲೇಜ್ ಸ್ವಲ್ಪ ಇಳಿಯುವುದು ನಿಜ: ನೀತಿ ಆಯೋಗದ 2021ರ ಎಥನಾಲ್ ವರದಿಯಲ್ಲಿ, ಬರಿ ಪೆಟ್ರೋಲಿಗೆಂದು ತಯಾರಾಗಿ ಇ10ಗೆ ಹೊಂದಿಸಿದ ಕಾರುಗಳಿಗೆ ಶೇ 6ರಿಂದ 7 ಎಂದು ಅಂದಾಜು ಕೊಟ್ಟಿದ್ದಾರೆ. ಆ ಲೆಕ್ಕಕ್ಕೆ ನಿಮ್ಮ 18 ಇಳಿದರೂ 16.7 ಆಗಬೇಕು. ನಿಮ್ಮದು 14, ಅಂದರೆ ಶೇ 22 ಇಳಿತ. ಇಷ್ಟು ಇಳಿತಕ್ಕೆ ಹೀಟರ್ ಒಂದೇ ಕಾರಣ ಎಂದೂ ನಾನು ಒಪ್ಪುವುದಿಲ್ಲ. ಟೈರ್ ಗಾಳಿ ನೋಡಿ. ನಾಲ್ಕೂ ಗಾಲಿ ಎತ್ತಿ ತಿರುಗಿಸಿ, ಬ್ರೇಕ್ ಹಿಡಿಯುತ್ತಿದೆಯೇ ನೋಡಿ. ಟೆಂಪರೇಚರ್ ಹತ್ತು ನಿಮಿಷ ಓಡಿಸಿದರೂ ಮೇಲೇರದಿದ್ದರೆ ರೇಡಿಯೇಟರಿಗೆ ಕೂಲಂಟ್ ಬಿಡುವ ವಾಲ್ವ್, ಅಂದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆ. ತಣ್ಣಗಿರುವ ಎಂಜಿನ್ನಿಗೆ ಇಸಿಯು ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇರುತ್ತದೆ, ಅದಕ್ಕೆ ಯಾವ ಸೆನ್ಸರ್ ಬದಲಿಸಿದರೂ ಗುಣವಿಲ್ಲ.

ತೊಳೆಯುವ ಸಲಹೆಯನ್ನು ಇಲ್ಲಿಗೇ ಬಿಡೋಣ. ನೀರು ಕಾಯಿಸುವ ಕಾಯಿಲ್ ಸುಟ್ಟುಹೋದರೆ ಅದನ್ನು ಎಷ್ಟು ಉಜ್ಜಿದರೂ ನೀರು ಕಾಯುವುದಿಲ್ಲ, ಇದೂ ಹಾಗೆಯೇ. ಹೀಟರ್ ಇರುವುದು ಪಿಂಗಾಣಿಯ ಒಳಗೆ. ಪೆಟ್ರೋಲ್, ಡೀಸೆಲ್, ಕಾರ್ಬ್ ಕ್ಲೀನರ್, ತಂತಿ ಬ್ರಶ್ ಯಾವುದೂ ಅಲ್ಲಿಗೆ ಮುಟ್ಟುವುದಿಲ್ಲ. ಮುಟ್ಟುವುದು ಹೊರಗಿನ ಪ್ಲಾಟಿನಂ ಲೇಪಕ್ಕೆ, ಅದು ಹಾಳಾಗುತ್ತದೆ.

ಪರೀಕ್ಷೆಗೆ ಬೇಕಾದದ್ದು ಒಂದು ಡಿಜಿಟಲ್ ಮಲ್ಟಿಮೀಟರ್, 5 ವ್ಯಾಟಿನ 12 ವೋಲ್ಟ್ ಬಲ್ಬಿಗೆ ಎರಡು ವೈರ್ ಕಟ್ಟಿದ ಟೆಸ್ಟ್ ಲ್ಯಾಂಪ್. ಎಂಜಿನ್ ತಣ್ಣಗಿರಲಿ. ಮೊದಲು ಬಾನೆಟ್ ಒಳಗಿನ ಫ್ಯೂಸ್ ಬಾಕ್ಸ್ ತೆರೆದು ಮುಚ್ಚಳದ ಚಿತ್ರ ನೋಡಿ, ಹೀಟರಿನ ಫ್ಯೂಸ್ ಯಾವುದು ಎಂದು ಗುರುತಿಸಿ. ‘ಒ2 ಹೀಟರ್’ ಎಂದು ಬೇರೆಯೇ ಬರೆದಿರಬಹುದು, ಇಂಜೆಕ್ಟರ್ ಅಥವಾ ಇಗ್ನಿಶನ್ ಫ್ಯೂಸಿನ ಜೊತೆ ಹಂಚಿಕೊಂಡಿರಲೂಬಹುದು. ಕಣ್ಣಿಗೆ ಚೆನ್ನಾಗಿ ಕಂಡರೆ ಸಾಲದು, ತೆಗೆದು ಮೀಟರಿನಲ್ಲಿ ಕಂಟಿನ್ಯುಟಿ, ಅಂದರೆ ಕರೆಂಟ್ ಹಾಯುತ್ತದೆಯೇ ಎಂದು ನೋಡಿ. ಫ್ಯೂಸ್ ಹೋಗಿದ್ದರೆ ಹೊಸದು ಹಾಕುವುದು ಅರ್ಧ ಕೆಲಸ ಮಾತ್ರ. ಸೆನ್ಸರಿನ ವೈರ್ ಬಿಸಿ ಪೈಪಿಗೆ ತಾಗಿ ಕರಗಿ ಬಾಡಿಗೆ ಶಾರ್ಟ್ ಆಗಿದೆಯೇ ಎಂದು ಉದ್ದಕ್ಕೂ ನೋಡಿಕೊಂಡು ಬನ್ನಿ. ಗಾಡಿಗೆ ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಹೊರಗಿನಿಂದ ಕೂರಿಸಿದ್ದರೆ ಅನುಮಾನ ಮೊದಲು ಅಲ್ಲಿಗೇ ಹೋಗಬೇಕು. ಕಿಟ್ ಕೂರಿಸುವವರು ಸೆನ್ಸರಿನ ವೈರ್ ಸುಲಿದು ಜೋಡಿಸಿ ಟೇಪ್ ಸುತ್ತಿರುತ್ತಾರೆ. ಎರಡು ಮಳೆಗಾಲ ಕಂಡ ಆ ಟೇಪಿನೊಳಗೆ ಹಸಿರು ಕಿಲುಬು ಬಿಟ್ಟರೆ ಏನೂ ಉಳಿದಿರುವುದಿಲ್ಲ.

ಫ್ಯೂಸ್ ಸರಿ ಇದ್ದರೆ ಒಂದನೇ ಸೆನ್ಸರಿನ ವೈರ್ ಹಿಡಿದು ಅದರ ಕಪ್ಲರ್‌ವರೆಗೆ ಹೋಗಿ. ಲಾಕ್ ಒತ್ತಿ ಬಿಡಿಸಿ. ವೈರ್ ಹಿಡಿದು ಎಳೆಯಬೇಡಿ. ಪಿನ್ ಬಾಗಿದೆಯೇ, ಕಿಲುಬಿದೆಯೇ, ಎಣ್ಣೆ ಇಳಿದಿದೆಯೇ ನೋಡಿ. ಸೆನ್ಸರ್ ಕಡೆಯಿಂದ ನಾಲ್ಕು ವೈರ್ ಬಂದಿರುತ್ತವೆ. ಅದರಲ್ಲಿ ಒಂದೇ ಬಣ್ಣದ ಎರಡು ವೈರ್ ಹೀಟರಿನವು: ಬಾಷ್ ಮತ್ತು ಎನ್‌ಟಿಕೆಯಲ್ಲಿ ಸಾಮಾನ್ಯವಾಗಿ ಎರಡು ಬಿಳಿ, ಡೆನ್ಸೊದಲ್ಲಿ ಎರಡು ಕಪ್ಪು. ಮೀಟರನ್ನು 200 ಓಮಿಗೆ ಇಟ್ಟು ಮೊದಲು ಅದರ ಎರಡು ಮುಳ್ಳುಗಳನ್ನೇ ಒಂದಕ್ಕೊಂದು ತಾಗಿಸಿ. 0.3 ಅಥವಾ 0.5 ತೋರಿಸಿದರೆ ಅದು ಮೀಟರ್ ವೈರಿನದು, ಅದನ್ನು ಆಮೇಲೆ ಕಳೆಯಬೇಕು. ನಂತರ ಹೀಟರಿನ ಎರಡು ಪಿನ್ ನಡುವೆ ಅಳೆಯಿರಿ. ತಣ್ಣಗಿರುವಾಗ ಬಹುತೇಕ ಸೆನ್ಸರ್‌ಗಳಲ್ಲಿ 3ರಿಂದ 15 ಓಮ್ ನಡುವೆ ಬರುತ್ತದೆ, ನಿಖರ ಅಂಕಿ ನಿಮ್ಮ ಮಾಡೆಲ್ಲಿನ ಸರ್ವಿಸ್ ಮ್ಯಾನುಯಲ್ಲಿನಲ್ಲಿ ಸಿಗುತ್ತದೆ. ಮೀಟರ್ ‘1’ ಅಥವಾ ‘ಓಎಲ್’ ತೋರಿಸಿದರೆ ಹೀಟರಿನ ತಂತಿ ಒಳಗೆ ಕಡಿದಿದೆ, ಸೆನ್ಸರ್ ಮುಗಿಯಿತು. ಒಂದು ಓಮಿಗಿಂತ ಕಡಿಮೆ ಬಂದರೆ ಒಳಗೇ ಶಾರ್ಟ್, ಅದೂ ಮುಗಿಯಿತು. ಇನ್ನೊಂದು ಅಳತೆಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ: ಹೀಟರಿನ ಒಂದು ಪಿನ್ನಿಗೂ ಸೆನ್ಸರಿನ ಲೋಹದ ಮೈಗೂ ನಡುವೆ ಯಾವ ಸಂಪರ್ಕವೂ ಇರಕೂಡದು. ಏನಾದರೂ ಅಂಕಿ ಬಂದರೆ ಹೀಟರ್ ಬಾಡಿಗೆ ಸೋರುತ್ತಿದೆ. ಸಿಗ್ನಲ್ ವೈರ್‌ಗಳಿಗೆ ಮಾತ್ರ ಓಮ್ ಅಳತೆ ಹಚ್ಚಬೇಡಿ.

ಓಮ್ ಸರಿಯಾಗಿ ಬಂತು ಎನ್ನಿ. ಹಾಗಾದರೆ ಸೆನ್ಸರಿನ ಹೀಟರ್ ಬದುಕಿದೆ, ದೋಷ ಗಾಡಿಯ ಕಡೆಗಿದೆ. ಕೀಲಿ ಆನ್ ಮಾಡಿ, ಗಾಡಿ ಕಡೆಯ ಕಪ್ಲರಿನಲ್ಲಿ ಹೀಟರಿನ ಎರಡು ಪಿನ್‌ಗಳನ್ನು ಬ್ಯಾಟರಿ ನೆಗೆಟಿವ್‌ಗೆ ಹೋಲಿಸಿ ಅಳೆಯಿರಿ. ಒಂದರಲ್ಲಿ ಬ್ಯಾಟರಿಯಷ್ಟೇ ವೋಲ್ಟೇಜ್ ಬರಬೇಕು. ಕೆಲವು ಗಾಡಿಗಳಲ್ಲಿ ಎಂಜಿನ್ ಚಾಲೂ ಆದ ಮೇಲಷ್ಟೇ ಬರುತ್ತದೆ. ಎರಡನೇ ಪಿನ್ನಿಗೆ ನೆಗೆಟಿವ್ ಕೊಡುವುದು ಇಸಿಯು, ಅದೂ ಬಿಟ್ಟುಬಿಟ್ಟು. ಇದನ್ನು ಮೀಟರಿಗಿಂತ ಬಲ್ಬ್ ಚೆನ್ನಾಗಿ ತೋರಿಸುತ್ತದೆ: ಟೆಸ್ಟ್ ಲ್ಯಾಂಪಿನ ಎರಡು ವೈರ್‌ಗಳನ್ನು ಆ ಎರಡು ಹೀಟರ್ ಪಿನ್ನಿಗೆ ಹಚ್ಚಿ ಎಂಜಿನ್ ಚಾಲೂ ಮಾಡಿದರೆ ಬಲ್ಬ್ ಉರಿಯಬೇಕು ಅಥವಾ ಮಿಣಮಿಣ ಅನ್ನಬೇಕು. ಈ ಪರೀಕ್ಷೆಗೆ ಮುಂಚೆ ಕೋಡ್ ಅಳಿಸಿಕೊಳ್ಳಿ. ದೋಷ ಕಂಡ ಮೇಲೆ ಹೀಟರಿಗೆ ಕರೆಂಟ್ ಕೊಡುವುದನ್ನೇ ನಿಲ್ಲಿಸುವ ಇಸಿಯುಗಳಿವೆ, ಆಗ ಸರಿಯಿದ್ದ ಇಸಿಯು ಕೆಟ್ಟಂತೆ ಕಾಣುತ್ತದೆ. ಪಾಸಿಟಿವ್ ಇದ್ದು ಬಲ್ಬ್ ಉರಿಯದಿದ್ದರೆ ಇಸಿಯುವರೆಗಿನ ವೈರ್ ಕಡಿದಿರಬಹುದು, ಇಸಿಯುವಿನ ಒಳಗೇ ಹೋಗಿರಲೂಬಹುದು. ಅಲ್ಲಿಗೆ ಮನೆ ಕೆಲಸ ಸಾಕು ಮಾಡಿ, ವೈರಿಂಗ್ ಬಲ್ಲ ಎಲೆಕ್ಟ್ರಿಶಿಯನ್ ಹತ್ತಿರ ಹೋಗಿ.

92 ಸಾವಿರ ಓಡಿದ ಗಾಡಿಯಲ್ಲಿ ಹೀಟರ್ ಕಡಿದಿರುವ ಸಾಧ್ಯತೆಯೇ ಹೆಚ್ಚು. ಹಾಗೇ ಇದ್ದರೆ ಸೆನ್ಸರ್ ಕೊಳ್ಳುವಾಗ ಇಷ್ಟು ನೋಡಿ. ನಿಮ್ಮ ಗಾಡಿಯ ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ಪಡೆಯಿರಿ. ಹಳೆಯ ಸೆನ್ಸರಿನ ಮೇಲೆ ಕೊರೆದ ನಂಬರಿಗೂ ತಾಳೆ ನೋಡಿ. ಕಂಪನಿಯ ಡಬ್ಬದಲ್ಲೇ ಬೇಕೆಂದಿಲ್ಲ, ಬಾಷ್, ಡೆನ್ಸೊ, ಎನ್‌ಟಿಕೆ ಇವರೇ ಕಾರ್ ಕಂಪನಿಗಳಿಗೂ ಸೆನ್ಸರ್ ಮಾಡಿಕೊಡುವವರು. ಒಂದನೇ ಸೆನ್ಸರಿಗೂ ಎರಡನೆಯದಕ್ಕೂ ಥ್ರೆಡ್ ಒಂದೇ ಇರಬಹುದು, ವೈರ್ ಉದ್ದ ಮತ್ತು ಕಪ್ಲರ್ ಬೇರೆ ಇರುತ್ತವೆ. ಕೆಲವು ಹೊಸ ಗಾಡಿಗಳಲ್ಲಿ ಒಂದನೆಯದು ವೈಡ್‌ಬ್ಯಾಂಡ್ ಜಾತಿಯದು, ಅದರ ಜಾಗಕ್ಕೆ ಸಾದಾ ನಾಲ್ಕು ವೈರಿನದು ಕೂತರೂ ಕೆಲಸ ಮಾಡದು. ಅಂಗಡಿಯಲ್ಲಿ ಏಳೆಂಟು ನೂರಕ್ಕೆ ‘ಎಲ್ಲಾ ಗಾಡಿಗೂ ಆಗುತ್ತೆ’ ಎಂದು ಕೊಡುವ ಹೆಸರಿಲ್ಲದ ಸೆನ್ಸರ್ ನನಗಂತೂ ಬೇಡ. ಯೂನಿವರ್ಸಲ್ ಸೆನ್ಸರಿಗೆ ಹಳೆಯ ಕಪ್ಲರ್ ಕತ್ತರಿಸಿ ಜೋಡಿಸಬೇಕು. ಅದಕ್ಕೆ ಬೆಸುಗೆ ಹಾಕಿದರೆ ಕೆಡುತ್ತದೆ, ಯಾಕೆಂದರೆ ಎಷ್ಟೋ ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ವೈರಿನ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ. ಬೆಸುಗೆ ಆ ಸಂದಿಯನ್ನು ಮುಚ್ಚುತ್ತದೆ. ಇದೇ ಕಾರಣಕ್ಕೆ ಕಪ್ಲರಿನೊಳಗೆ ಗ್ರೀಸ್ ತುಂಬುವುದು, ಸ್ಪ್ರೇ ಹೊಡೆಯುವುದು ಕೂಡದು.

ಸಾಮಾನು ಹೆಚ್ಚಿಲ್ಲ. ಕಾರಿನ ಸೆನ್ಸರ್ ಬಹುತೇಕ ಎಂ18×1.5 ಥ್ರೆಡ್ಡಿನದು, ಅದರ ತಲೆಗೆ 22ರ ಪಾನಾ. ವೈರ್ ಹಾಯಲು ಪಕ್ಕದಲ್ಲಿ ಸೀಳಿರುವ 22ರ ಸೆನ್ಸರ್ ಸಾಕೆಟ್ ಸಿಕ್ಕರೆ ತೆಗೆದುಕೊಳ್ಳಿ. ಬಾಯಿ ಪಾನಾ ನೆಚ್ಚಿಕೊಳ್ಳಬೇಡಿ, ಜಾರಿದರೆ ಷಟ್ಕೋನದ ಮೂಲೆ ಸವೆದುಹೋಗುತ್ತದೆ. ತುಕ್ಕು ಬಿಡಿಸುವ ಎಣ್ಣೆ, ಕೈಗವಸು, ಕಣ್ಣಿಗೆ ಕನ್ನಡಕ, ಸಾಧ್ಯವಾದರೆ ಎರವಲು ತಂದ ಟಾರ್ಕ್ ರೆಂಚ್.

ಎಷ್ಟೋ ಕಾರುಗಳಲ್ಲಿ ಒಂದನೇ ಸೆನ್ಸರ್ ಬಾನೆಟ್ ತೆರೆದರೆ ರೇಡಿಯೇಟರ್ ಹಿಂದೆಯೇ ಕಾಣುತ್ತದೆ. ಮೇಲಿನ ಶಾಖದ ತಗಡು ತೆಗೆದರೆ ಕೈಗೆ ಸಿಗುತ್ತದೆ. ಎಂಜಿನ್ನಿನ ಹಿಂಬದಿಯಲ್ಲಿದ್ದರೆ ಕೆಳಗಿನಿಂದ ಹೋಗಬೇಕು. ಹಾಗೆ ಹೋಗುವುದಾದರೆ ಜಾಕ್ ಒಂದನ್ನೇ ನಂಬಿ ಕೆಳಗೆ ತಲೆ ಹಾಕಬೇಡಿ, ಸ್ಟ್ಯಾಂಡ್ ಇರಲೇಬೇಕು, ಹಿಂದಿನ ಗಾಲಿಗೆ ಕಲ್ಲು ಕೊಟ್ಟಿರಬೇಕು. ನಮ್ಮ ಕಡೆ ಎರೆಮಣ್ಣಿನ ಅಂಗಳದಲ್ಲಿ ಸ್ಟ್ಯಾಂಡಿನ ಕಾಲು ನಿಧಾನವಾಗಿ ಹೂತುಕೊಳ್ಳುತ್ತದೆ, ಮಳೆ ಬಿದ್ದ ಮರುದಿನವಂತೂ ಕೇಳುವುದೇ ಬೇಡ. ನುಣುಪು ಫರಸಿಯ ಮೇಲೆ ಜಾಕ್ ಜಾರುತ್ತದೆ. ಎರಡು ಕಡೆಯೂ ದಪ್ಪ ಹಲಗೆ ಕೆಳಗೆ ಹಾಕಿ.

ಹಿಂದಿನ ರಾತ್ರಿಯೇ ಎಂಜಿನ್ ತಣ್ಣಗಿರುವಾಗ ಸೆನ್ಸರಿನ ಬುಡಕ್ಕೆ ಎಣ್ಣೆ ಬಿಟ್ಟಿರಿ. ಬೆಳಿಗ್ಗೆ ಬ್ಯಾಟರಿ ನೆಗೆಟಿವ್ ಹಾಗೇ ಇರಲಿ, ಎಂಜಿನ್ ಎರಡು ಮೂರು ನಿಮಿಷ ಓಡಿಸಿ ಆರಿಸಿ. ಗವಸು ಹಾಕಿದ ಕೈಗೆ ಮುಟ್ಟಲು ಬರುವಷ್ಟು ಆರಲಿ. ಪೂರ್ತಿ ತಣ್ಣಗಿದ್ದಾಗ ಥ್ರೆಡ್ ಬಿಗಿದಿರುತ್ತದೆ, ಕೆಂಡದಂತಿದ್ದಾಗ ಥ್ರೆಡ್ ಕಿತ್ತುಬರುತ್ತದೆ, ಕೈಯೂ ಸುಡುತ್ತದೆ. ಈಗ ಬ್ಯಾಟರಿ ನೆಗೆಟಿವ್ ತೆಗೆಯಿರಿ, ಕಪ್ಲರ್ ಬಿಡಿಸಿ, ವೈರ್ ಹಿಡಿದಿಟ್ಟ ಕ್ಲಿಪ್ ಎಲ್ಲೆಲ್ಲಿದೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಪಾನಾ ಪೂರ್ತಿ ಕೂತಿದೆಯೇ ನೋಡಿ, ಮೊದಲು ಬಿಗಿಸುವ ದಿಕ್ಕಿಗೆ ಒಂದು ಚಿಕ್ಕ ಜಗ್ಗು, ಆಮೇಲೆ ಬಿಚ್ಚುವ ದಿಕ್ಕಿಗೆ. ಟಕ್ ಎಂದು ಬಿಟ್ಟರೆ ಸಂತೋಷ. ಬಿಟ್ಟಿತೆಂದು ಒಂದೇ ಸಮನೆ ತಿರುಗಿಸಬೇಡಿ. ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ಮತ್ತೆ ಬಿಗಿಸಿ, ಎಣ್ಣೆ ಬಿಡಿ, ಹೀಗೆ ಹೋಗಿ. ಥ್ರೆಡ್ಡಿನಲ್ಲಿ ಸಿಕ್ಕಿಕೊಂಡ ಕಾರ್ಬನ್ ಪುಡಿಯಾಗಿ ಹೊರಗೆ ಬರಲಿ, ಇಲ್ಲದಿದ್ದರೆ ಅದೇ ಥ್ರೆಡ್ಡನ್ನು ಕಿತ್ತುಹಾಕುತ್ತದೆ.

ಜಗ್ಗಿದರೂ ಬಿಡದಿದ್ದರೆ, ಹೊಸ ಸೆನ್ಸರ್ ಕೈಯಲ್ಲಿದ್ದು ಪಾರ್ಟ್ ನಂಬರ್ ತಾಳೆಯಾಗಿದ್ದರೆ ಮಾತ್ರ, ಹಳೆಯದರ ವೈರ್ ಬುಡದಲ್ಲೇ ಕತ್ತರಿಸಿ ಬಿಡಿ. ಆಗ ಸೀಳಿಲ್ಲದ ಪೂರ್ಣ 22ರ ರಿಂಗ್ ಪಾನಾ ಅಥವಾ ಉದ್ದ ಸಾಕೆಟ್ ಕೂರಿಸಬಹುದು. ಸೀಳಿದ ಸಾಕೆಟ್ ಹೆಚ್ಚು ಬಲಕ್ಕೆ ಬಾಯಿ ಬಿಡುತ್ತದೆ, ಇದು ಬಿಡುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ಗ್ಯಾಸ್ ಟಾರ್ಚ್ ಹಿಡಿಯುವ ಯೋಚನೆ ಮನೆಯಲ್ಲಿ ಬೇಡ, ಪೆಟ್ರೋಲ್ ಪೈಪು, ವೈರಿಂಗು ಎಲ್ಲ ಅಲ್ಲೇ ಪಕ್ಕದಲ್ಲಿರುತ್ತವೆ. ಗ್ಯಾರೇಜಿಗೆ ಒಯ್ದು ಬರಿ ಬಿಚ್ಚಿಸಿಕೊಂಡು ಬರುವುದರಲ್ಲಿ ಅವಮಾನವೇನಿಲ್ಲ. ಸೆನ್ಸರಿನ ಜೊತೆ ಥ್ರೆಡ್ಡೂ ಸ್ವಲ್ಪ ಬಂದಿದ್ದರೆ ಥ್ರೆಡ್ ಕೊರೆಯುವ ಎಂ18×1.5 ಟ್ಯಾಪಿನ ಉದ್ದ ಸೀಳುಗಳಿಗೆ ಗ್ರೀಸ್ ತುಂಬಿ ಮೆಲ್ಲಗೆ ಹಾಯಿಸಿ. ಲೋಹದ ಚೂರು ಗ್ರೀಸಿಗೆ ಅಂಟಿಕೊಂಡು ಬರುತ್ತದೆ. ಒಳಗೆ ಬಿದ್ದ ಚೂರು ಹೊಗೆಯ ಜೊತೆ ನೇರ ಕನ್ವರ್ಟರಿನ ಮುಖಕ್ಕೆ ಹೋಗಿ ಬಡಿಯುತ್ತದೆ. ಥ್ರೆಡ್ ಪೂರ್ತಿ ಹೋಗಿದ್ದರೆ ಅದು ಲೇತ್ ಕೆಲಸ: ಹೊಸ ಬುಶ್ ಕೂರಿಸಿ ಬೆಸೆಯಬೇಕು. ಬೆಳಗಾವಿಯ ಉದ್ಯಮಬಾಗದಂಥ ಕಡೆ ಇದು ದಿನನಿತ್ಯದ ಕೆಲಸ, ನಿಮ್ಮ ಊರಿನಲ್ಲೂ ಒಳ್ಳೆಯ ಲೇತ್ ಇದ್ದರೆ ಆಗುತ್ತದೆ. ಪೈಪು ಗಾಡಿಯಿಂದ ಬಿಚ್ಚಿಕೊಂಡು ಹೋಗಿ. ಗಾಡಿಯಲ್ಲೇ ವೆಲ್ಡಿಂಗ್ ಮಾಡಲು ಬಿಡಬೇಡಿ.

ಬಿಚ್ಚಿದ ಹಳೆಯ ಸೆನ್ಸರಿನ ಮೂತಿಯನ್ನು ಬಿಸಿಲಿಗೆ ಹಿಡಿದು ನೋಡಿ, ಎಂಜಿನ್ನಿನ ಆರೋಗ್ಯ ಅಲ್ಲಿ ಬರೆದಿರುತ್ತದೆ. ತಿಳಿ ಕಂದು ಅಥವಾ ಬೂದು ಇದ್ದರೆ ವಯಸ್ಸಾಗಿ ಹೋದದ್ದು, ಚಿಂತೆಯಿಲ್ಲ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಹೋಗಿದೆ. ನಿಮ್ಮ ವಿಷಯದಲ್ಲಿ ಸ್ವಲ್ಪ ಮಸಿ ಇರುವುದು ಸಹಜ. ಜಿಡ್ಡಾದ ಕಪ್ಪು ಅಥವಾ ದಪ್ಪ ಬೂದಿಯಂಥ ಪದರ ಎಂಜಿನ್ ಆಯಿಲ್ ಸುಡುತ್ತಿರುವುದರ ಗುರುತು. ಬಿಳಿ ಸುಣ್ಣದಂಥ ಪದರ ಕೂಲಂಟ್ ಒಳಗೆ ಸೋರುವುದರಿಂದ ಬರಬಹುದು, ಸಿಲಿಕೋನ್ ಗ್ಯಾಸ್ಕೆಟ್ ಪೇಸ್ಟಿನಿಂದಲೂ ಬರಬಹುದು. ಈಚೆಗೆ ಯಾರಾದರೂ ಎಂಜಿನ್ ಬಿಚ್ಚಿ ಸಿಕ್ಕಸಿಕ್ಕಲ್ಲಿ ಪೇಸ್ಟ್ ಮೆತ್ತಿದ್ದರೆ ಅದನ್ನು ನೆನಪಿಸಿಕೊಳ್ಳಿ. ಆಯಿಲ್ ಅಥವಾ ಕೂಲಂಟ್ ಕಾರಣವಾಗಿದ್ದರೆ ಮೊದಲು ಅದನ್ನು ಸರಿಪಡಿಸಬೇಕು, ಇಲ್ಲವಾದರೆ ಹೊಸ ಸೆನ್ಸರೂ ಅದೇ ದಾರಿ ಹಿಡಿಯುತ್ತದೆ. ಮೂತಿ ಸ್ವಚ್ಛವಾಗಿದ್ದು ಒಳಗಿನ ಪಿಂಗಾಣಿ ಒಡೆದಿದ್ದರೆ ಕಾರಣ ನೀರು: ಹಳ್ಳ ದಾಟಿದ್ದು, ಅಥವಾ ಬಿಸಿ ಎಂಜಿನ್ನಿಗೆ ಸರ್ವಿಸಿನವರು ಪ್ರೆಶರಿನಲ್ಲಿ ನೀರು ಹೊಡೆದದ್ದು.

ಹೊಸದನ್ನು ಹಾಕುವುದು ಸುಲಭ, ಆದರೆ ಅವಸರ ಬೇಡ. ಕೆಳಗೆ ಬಿದ್ದ ಸೆನ್ಸರ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಸೀಳಿರಬಹುದು, ಬೀಳಿಸಬೇಡಿ. ಥ್ರೆಡ್ಡಿಗೆ ಕಂಪನಿಯವರೇ ಬೂದು ಬಣ್ಣದ ಆಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚಿದ್ದರೆ ಅಷ್ಟೇ ಸಾಕು. ಇಲ್ಲದಿದ್ದರೆ ಜೊತೆಗೆ ಬಂದ ಪುಡಿಕೆಯಿಂದ ಥ್ರೆಡ್ಡಿಗೆ ಮಾತ್ರ ತೆಳುವಾಗಿ ಹಚ್ಚಿ, ಮೂತಿಯ ತೂತುಗಳಿಗೆ ಒಂದು ಚುಕ್ಕೆಯೂ ತಾಗಬಾರದು. ಸಾದಾ ಗ್ರೀಸ್ ಅಥವಾ ಸಿಲಿಕೋನ್ ಯಾವುದೂ ಬೇಡ. ಕೈಯಿಂದಲೇ ನಾಲ್ಕೈದು ಸುತ್ತು ಹೋಗಬೇಕು. ಎರಡನೇ ಸುತ್ತಿಗೇ ಬಿಗಿಯಾದರೆ ಓರೆ ಹಿಡಿದಿದೆ, ಬಿಚ್ಚಿ ಮತ್ತೆ ಶುರು ಮಾಡಿ. ಕಪ್ಲರ್ ಇನ್ನೂ ಜೋಡಿಸಿರಬಾರದು, ಸೆನ್ಸರ್ ತಿರುಗಿದಂತೆ ವೈರೂ ತಿರುಗಲಿ, ಇಲ್ಲದಿದ್ದರೆ ವೈರ್ ಹುರಿಗೊಂಡು ಒಳಗೆ ಕಡಿಯುತ್ತದೆ. ಎಂ18 ಸೆನ್ಸರಿಗೆ 35ರಿಂದ 45 ನ್ಯೂಟನ್ ಮೀಟರ್ ಟಾರ್ಕ್ ಸಾಕು. ಟಾರ್ಕ್ ರೆಂಚ್ ಇಲ್ಲದಿದ್ದರೆ, ಹೊಸ ವಾಶರ್ ಕೈಬಿಗಿಯಾಗಿ ಕೂತ ಮೇಲೆ ಪಾನಾದಿಂದ ಅರ್ಧದಿಂದ ಮುಕ್ಕಾಲು ಸುತ್ತು. 25 ಸೆಂ.ಮೀ. ಉದ್ದದ ಪಾನಾದ ತುದಿಗೆ ಸುಮಾರು 16 ಕಿಲೋ ಭಾರ ಬಿಟ್ಟಷ್ಟು ಬಲ ಅದು. ಪಾನಾಕ್ಕೆ ಪೈಪ್ ಸಿಕ್ಕಿಸಿ ಜಗ್ಗುವ ಅಭ್ಯಾಸ ಇಲ್ಲಿ ಬೇಡ. ವೈರನ್ನು ಹಳೆಯ ದಾರಿಯಲ್ಲೇ, ಹಳೆಯ ಕ್ಲಿಪ್‌ಗಳಲ್ಲೇ ಕೂರಿಸಿ, ಬಿಸಿ ಪೈಪಿಗೆ ತಾಗದಂತೆ. ಕಪ್ಲರ್ ಟಿಕ್ ಅನ್ನಲಿ. ಆಮೇಲೆ ಬ್ಯಾಟರಿ.

ಚಾಲೂ ಮಾಡಿದ ಕೂಡಲೆ ಎಂಜಿನ್ ತಣ್ಣಗಿರುವಾಗಲೇ ಸೆನ್ಸರಿನ ಬುಡದಲ್ಲಿ ಚಿಟಿಚಿಟಿ ಸದ್ದು ಬರುತ್ತದೆಯೇ ಕಿವಿಗೊಡಿ. ಬಂದರೆ ಹೊಗೆ ಸೋರುತ್ತಿದೆ. ಸೋರಿಕೆಯಿದ್ದ ಕಡೆ ಹೊರಗಿನ ಗಾಳಿಯೂ ಒಳಗೆ ಎಳೆದುಕೊಂಡು, ಹೊಸ ಸೆನ್ಸರ್ ‘ಆಕ್ಸಿಜನ್ ಹೆಚ್ಚಿದೆ’ ಎಂದು ಸುಳ್ಳು ಹೇಳುತ್ತದೆ, ಇಸಿಯು ಇನ್ನಷ್ಟು ಪೆಟ್ರೋಲ್ ಬಿಡುತ್ತದೆ.

ಬ್ಲೂಟೂತ್ ಒಬಿಡಿ ಡಾಂಗಲ್ ಒಂದು ಇಟ್ಟುಕೊಳ್ಳಿ, ಗ್ಯಾರೇಜಿನ ಒಂದೆರಡು ಸ್ಕ್ಯಾನಿಂಗ್ ಖರ್ಚಿನಲ್ಲಿ ಬರುತ್ತದೆ. ಕೋಡ್ ಅಳಿಸಿ, ಎಂಜಿನ್ ಕಾದ ಮೇಲೆ ಮೊಬೈಲಿನಲ್ಲಿ ಒಂದನೇ ಸೆನ್ಸರಿನ ವೋಲ್ಟೇಜ್ ಗ್ರಾಫ್ ತೆರೆಯಿರಿ. 2,000ದಿಂದ 2,500 ಆರ್‌ಪಿಎಮ್‌ನಲ್ಲಿ ಹಿಡಿದರೆ ಅದು 0.1ರಿಂದ 0.9ರವರೆಗೆ ಹತ್ತು ಸೆಕೆಂಡಿನಲ್ಲಿ ಹಲವು ಸಲ ಮೇಲೆ ಕೆಳಗೆ ಆಡಬೇಕು. ಎರಡನೆಯದು 0.6, 0.7ರ ಆಸುಪಾಸಿನಲ್ಲಿ ಸುಮ್ಮನಿರಬೇಕು. ಅದೂ ಒಂದನೆಯದರಂತೆಯೇ ಕುಣಿಯುತ್ತಿದ್ದರೆ ಕನ್ವರ್ಟರ್ ದಣಿದಿದೆ, ಅದರ ಕೋಡ್ ಪಿ0420 ಇಂದಲ್ಲ ನಾಳೆ ಬರುತ್ತದೆ. ಒಂದನೆಯದು 0.45ಕ್ಕೇ ಅಂಟಿಕೊಂಡರೆ ಸೆನ್ಸರ್ ಇನ್ನೂ ಕಾದಿಲ್ಲ ಅಥವಾ ಸಿಗ್ನಲ್ ವೈರ್ ಕೂಡಿಲ್ಲ.

ಆಮೇಲೆ ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್ ನೋಡಿ, ಅಂದರೆ ಇಸಿಯು ತನ್ನಲ್ಲಿ ಬರೆದಿಟ್ಟ ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚು (ಪ್ಲಸ್) ಅಥವಾ ಕಡಿಮೆ (ಮೈನಸ್) ಬಿಡುತ್ತಿದೆ ಎಂಬ ಅಂಕಿ. ಬೆಳಿಗ್ಗೆ ತಣ್ಣನೆ ಗಾಡಿ ಚಾಲೂ ಮಾಡಿ ವಿಜಯಪುರದ ಕಡೆ ಹೊರಡಿ, ಚಿಕ್ಕಪಡಸಲಗಿ ಸೇತುವೆ ದಾಟಿ ಗಂಟೆಗೆ 60, 70ರಲ್ಲಿ ಹತ್ತು ಹದಿನೈದು ನಿಮಿಷ ಒಂದೇ ವೇಗದಲ್ಲಿ ಓಡಿಸಿ, ನಡುವೆ ಒಂದೆರಡು ಸಲ ಆಕ್ಸಲರೇಟರ್ ಬಿಟ್ಟು ಗೇರಿನಲ್ಲೇ ನಿಧಾನವಾಗಲು ಬಿಡಿ. ಇಸಿಯು ತನ್ನ ಸೆನ್ಸರ್ ಪರೀಕ್ಷೆಗಳನ್ನು ಮುಗಿಸಲು ಇಂಥ ಓಟ ಬೇಕು. ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರೇಲರ್ ಟ್ರ್ಯಾಕ್ಟರ್‌ಗಳ ಹಿಂದೆ ಸಿಕ್ಕಿದರೆ ಒಂದೇ ವೇಗ ಕನಸಿನ ಮಾತು, ಬೆಳಕು ಹರಿಯುವ ಹೊತ್ತಿಗೇ ಹೊರಟುಬಿಡಿ. ಟ್ರಿಮ್ ಶೂನ್ಯದಿಂದ ಪ್ಲಸ್ 8ರೊಳಗೆ ನಿಂತರೆ ಸರಿ, ಇ20ಯಿಂದ ಸ್ವಲ್ಪ ಪ್ಲಸ್ ಇರುವುದು ನಿರೀಕ್ಷಿತ. ಪ್ಲಸ್ 15, 20 ತೋರಿಸಿದರೆ ಗಾಳಿ ಎಲ್ಲೋ ಕಳ್ಳದಾರಿಯಲ್ಲಿ ಬರುತ್ತಿದೆ: ಇಂಟೇಕಿನ ರಬ್ಬರ್ ಪೈಪ್ ಸೀಳಿರಬಹುದು, ವ್ಯಾಕ್ಯೂಮ್ ನಳಿಕೆ ಕಳಚಿರಬಹುದು, ಇಲ್ಲವೆ ಫ್ಯುಯಲ್ ಪಂಪಿನ ಒತ್ತಡ ಕಡಿಮೆಯಾಗಿರಬಹುದು. ಮೈನಸ್ 10ರ ಕೆಳಗೆ ಹೋದರೆ ಇಂಜೆಕ್ಟರ್ ಸೋರುತ್ತಿರಬಹುದು. ಮುಂದಿನ ಎಮಿಷನ್ ಪರೀಕ್ಷೆಯ ಚೀಟಿಯನ್ನೂ ಓದಿ ನೋಡಿ: ಅದರಲ್ಲಿ ಲ್ಯಾಂಬ್ಡಾ ಎಂಬ ಅಂಕಿ (ಗಾಳಿ ಮತ್ತು ಪೆಟ್ರೋಲಿನ ಪ್ರಮಾಣ, 1 ಅಂದರೆ ಸರಿಯಾದ ಅಳತೆ) 0.97ರಿಂದ 1.03ರೊಳಗೆ ಇರಬೇಕು. ಹೀಟರ್ ಸರಿಯಾಗಿ ಲೆಕ್ಕ ನಡೆಯುತ್ತಿದ್ದರೆ ಅದು 1ರ ಪಕ್ಕದಲ್ಲೇ ಇರುತ್ತದೆ.

ಹೊಸ ಸೆನ್ಸರ್ ಹಾಕಿದ ಮರುದಿನವೇ ಪಿ0135 ಮತ್ತೆ ಬಂದರೆ ಸೆನ್ಸರ್ ಅಂಗಡಿಗೆ ಓಡಬೇಡಿ, ಫ್ಯೂಸ್ ಮತ್ತೆ ನೋಡಿ. ಹಳೆಯ ಹೀಟರ್ ಶಾರ್ಟ್ ಆಗುವಾಗ ಫ್ಯೂಸನ್ನೂ, ಅಪರೂಪಕ್ಕೆ ಇಸಿಯುವಿನೊಳಗೆ ಹೀಟರಿನ ಕರೆಂಟ್ ನಡೆಸುವ ಭಾಗವನ್ನೂ (ಹೀಟರ್ ಡ್ರೈವರ್) ಜೊತೆಗೆ ಒಯ್ದಿರುತ್ತದೆ. ಮೈಲೇಜ್ ಅಳೆಯುವುದಾದರೆ ಒಂದೇ ಬಂಕಿನಲ್ಲಿ ನಳಿಕೆ ತಾನಾಗೇ ನಿಲ್ಲುವವರೆಗೆ ತುಂಬಿಸಿ, ಮುಂದಿನ ಸಲ ಅದೇ ಬಂಕಿನಲ್ಲಿ ಹಾಗೇ ತುಂಬಿಸಿ ಲೆಕ್ಕ ಹಾಕಿ. ಮೂರು ಟ್ಯಾಂಕಿನ ಸರಾಸರಿ 16 ದಾಟದಿದ್ದರೆ ಥರ್ಮೋಸ್ಟಾಟ್ ಮತ್ತು ಬ್ರೇಕ್ ಕಡೆ ಕೈ ಹಾಕಿ.

ಮನೆಯಲ್ಲಿ ಬಿಎಸ್6 ಬೈಕ್ ಇದ್ದರೆ ಅದರಲ್ಲೂ ಇಂಥದ್ದೇ ಸೆನ್ಸರ್ ಇದೆ, ಕೆಲಸವೂ ಬಹುತೇಕ ಇದೇ. ಆದರೆ ಅದರ ಥ್ರೆಡ್ ಎಷ್ಟೋ ಕಡೆ ಎಂ12, ವೈರ್ ಒಂದೋ ಎರಡೋ ಇರಬಹುದು, ಹೀಟರ್ ಇಲ್ಲದ್ದೂ ಇರುತ್ತದೆ. ಕಾರಿನ 40 ನ್ಯೂಟನ್ ಮೀಟರ್ ಅದಕ್ಕೆ ಹಾಕಿದರೆ ಥ್ರೆಡ್ ಉಳಿಯುವುದಿಲ್ಲ. ಬೈಕಿನ ಮ್ಯಾನುಯಲ್ ಹೇಳಿದ ಟಾರ್ಕನ್ನೇ ಹಾಕಿ.